ಸ್ಟ್ಯೂ ಒಳಗೆ ಮೇಡಂ

ಕುಂದಲಹಳ್ಳಿಯ ಸಾಫ್ಟ್‌ವೇರ್ ಕಂಪನಿಯೊಂದರ ಕ್ಯಾಂಟೀನ್ ಸೂಪರ್‌ವೈಸರ್ ಮುನೀಂದ್ರನಿಗೆ ಆ ಗುರುವಾರ ಹನ್ನೊಂದೂವರೆಗೆ ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ ಬಂತು. 'ಐ ಆಮ್ ಇನ್ ಎ ಸ್ಟ್ಯೂ. ಕಮ್ ಇಮ್ಮೀಡಿಯಟ್ಲಿ.' ಕಳಿಸಿದವರು ಅಡ್ಮಿನ್ ಮ್ಯಾನೇಜರ್ ದೀಪಶ್ರೀ ಮೇಡಂ.

ಅದರಲ್ಲಿ ಅವನಿಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ಸ್ಟ್ಯೂ ಅಂತೂ ಕಣ್ಣೆದುರಿಗೇ ಇತ್ತು. ಅಡುಗೆಯ ಮರಿಯಮ್ಮ ತೆಂಗಿನ ಹಾಲು, ಆಲೂಗಡ್ಡೆ, ಬೀನ್ಸ್ ಹಾಕಿ ಇನ್ನೂರು ಜನಕ್ಕೆ ಬೇಯಿಸಿ ಆಗಷ್ಟೇ ಇಳಿಸಿದ್ದರು. ಆದರೂ ಪದಗಳನ್ನು ಸೇರಿಸಿ ಓದಿದರೆ ಅರ್ಥ ಒದ್ದೆ ಸೋಪಿನ ಹಾಗೆ ಜಾರುತ್ತಿತ್ತು. ಫೋನ್ ಮಾಡಿದ, ಮೇಡಂ ಕಟ್ ಮಾಡಿದರು.

"ಮೇಡಂ ಸ್ಟ್ಯೂ ಒಳಗಿದಾರಂತೆ ಕಣೋ," ಎಂದ ಸ್ಟೋರಿನ ವಸಂತನಿಗೆ.

ವಸಂತ ಮೊಬೈಲನ್ನು ಲಾಯರಿನ ಗತ್ತಿನಲ್ಲಿ ಓದಿದ. "ಮೇಡಂ ಹೆಂಗ್ ಗುರು ಅದ್ರೊಳಗಿರ್ತಾರೆ? ಅವಸರದಲ್ಲಿ ತಪ್ಪು ಟೈಪ್ ಮಾಡಿದಾರೆ. ಸ್ಟ್ಯೂನಲ್ಲಿ ಏನೋ ಬಿದ್ದಿದೆ ಅಂತ ಅರ್ಥ. ರುಚಿ ನೋಡೋಕೆ ಒಂದು ಬಟ್ಟಲು ಮೇಲಕ್ಕೆ ಕಳಿಸಿದ್ಯಲ್ಲ?"

ಮುನೀಂದ್ರ ಥಟ್ಟನೆ ಪಾತ್ರೆಯ ಕಡೆ ತಿರುಗಿದ. ಹೋದ ತಿಂಗಳು ಸಾಂಬಾರಿನಲ್ಲಿ ಬಳೆ ಚೂರು ಸಿಕ್ಕಿ ಹಿಂದಿನ ಸೂಪರ್‌ವೈಸರ್ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದ.

"ನನ್ನ ಸ್ಟ್ಯೂನಲ್ಲಾ?" ಮರಿಯಮ್ಮ ಸೌಟು ಎತ್ತಿದರು. "ಜಾಲಾಡಿ ನೋಡ್ರೀ!"

ಜಾಲಾಡಿದರು. ವಸಂತ ಕಪ್ಪಗಿನದೊಂದನ್ನು ಹಿಡಿದೆತ್ತಿ, "ಸಿಕ್ತು! ಜಿರಳೆ ತಲೆ!" ಎಂದ.

"ಅದು ಲವಂಗ ಕಣಪ್ಪಾ!"

ಅಷ್ಟರಲ್ಲಿ ಕ್ಯಾಂಟೀನಿಗೆ ಹಾಲು ಹಾಕುವ ಊರಿನ ಸೊಣ್ಣಪ್ಪ ಕ್ಯಾನು ತೆಗೆದುಕೊಂಡು ಹೋಗಲು ಬಂದು ಸಂಗತಿ ಕೇಳಿಸಿಕೊಂಡ. "ಇನ್ನೂರು ಜನ ವಾಂತಿ ಮಾಡ್ಕಂಡ್ರೆ ಏನ್ ಮಾಡ್ತೀಯಪ್ಪಾ? ನಂಗ್ ಕೊಡು, ಎಮ್ಮೆಗಳಿಗೆ ಆಯ್ತದೆ. ಅವಕ್ಕೆ ಏನೂ ಆಗಾಕಿಲ್ಲ," ಎಂದ.

ಯಾಕೆ ಬೇಕು ರಿಸ್ಕು ಎಂದು ಮುನೀಂದ್ರ ಒಪ್ಪಿಬಿಟ್ಟ. ಮರಿಯಮ್ಮ ತಡೆದರು, ಬೈದರು, ಕೊನೆಗೆ ಮುಖ ತಿರುಗಿಸಿ ಕುಳಿತರು. ಸ್ಟ್ಯೂ ಡ್ರಮ್ಮಿಗೆ ಇಳಿದು ಸೊಣ್ಣಪ್ಪನ ಆಟೋದಲ್ಲಿ ತುಳುಕುತ್ತಾ ಹೊರಟುಹೋಯಿತು. ಮುನೀಂದ್ರ ಬೆವರು ಒರೆಸಿಕೊಂಡು ಮೂರನೇ ಮಹಡಿಗೆ ಓಡಿದ.

"ಈಗ ಬಂದ್ರಾ?" ದೀಪಶ್ರೀ ಸಿಡುಕಿದರು. "ಕೊಚ್ಚಿ ಆಫೀಸಿಂದ ಹನ್ನೆರಡು ಜನ ಹೇಳದೆ ಕೇಳದೆ ಬಂದ್ಬಿಟ್ಟಿದಾರೆ. ಊಟಕ್ಕೆ ಏನ್ ಮಾಡೋದು ಅಂತ ಒಳಗೊಳಗೇ ಕುದೀತಿದೀನಿ. ಮೆಸೇಜ್ ನೋಡ್ಲಿಲ್ವಾ?"

"ಸ್ಟ್ಯೂ ಅಂತಿತ್ತು ಮೇಡಂ…"

"ಇನ್ ಎ ಸ್ಟ್ಯೂ ಅಂದ್ರೆ ಅದೇ ಕಣ್ರೀ, ತಲೆ ಕೆಟ್ಟು ಕುದೀತಿರೋದು!" ಆಮೇಲೆ ಮುಖ ಅರಳಿತು. "ಬಟ್ಟಲಲ್ಲಿ ಕಳಿಸಿದ್ರಲ್ಲ, ಏನ್ ರುಚಿ! ಅದನ್ನೇ ಬಡಿಸ್ತೀವಿ ಅಂತ ಅವ್ರಿಗೆ ಹೇಳ್ಬಿಟ್ಟೆ. ಸಾಕಾಗತ್ತೆ ತಾನೆ?"

ಮುನೀಂದ್ರನಿಗೆ ನೆಲ, ಸೂರು ಯಾವುದು ಯಾವ ಕಡೆ ಎಂದು ತಿಳಿಯದಾಯಿತು. ಇಂಗ್ಲಿಷ್ ಅರ್ಥವಾಗಲಿಲ್ಲ, ಅದಕ್ಕೇ ಚೆಲ್ಲಿದೆ ಎನ್ನುವುದೇ? ಬಾಯಿ ತಾನಾಗಿಯೇ ಹೇಳಿತು: "ಹಲ್ಲಿ ಬಿದ್ದಿತ್ತು ಮೇಡಂ. ಎಲ್ಲಾ ಚೆಲ್ಲಿಸ್ದೆ."

ದೀಪಶ್ರೀ ಒಂದು ಕ್ಷಣ ಬಿಳಿಚಿಕೊಂಡರು. ನಂತರ ಎದ್ದು ಬಂದು ಅವನ ಕೈ ಕುಲುಕಿದರು. "ಇನ್ನೂರು ಜೀವ ಉಳಿಸಿದ್ರಿ ಮುನೀಂದ್ರ! ಎಲ್ಲರಿಗೂ ಹೊರಗಿಂದ ಊಟ ತರಿಸ್ತೀನಿ ಬಿಡಿ."

ಮುನೀಂದ್ರನಿಗೆ ಹೋದ ಜೀವ ಬಂದಂತಾಯಿತು. ಮೆಲ್ಲಗೆ ಬಾಗಿಲ ಕಡೆ ಸರಿದ.

"ಒಂದ್ನಿಮಿಷ. ಹಲ್ಲಿ ಎತ್ತಿಟ್ಟಿದೀರಲ್ಲ? ಐದು ಗಂಟೆಯೊಳಗೆ ಫೋಟೋ ಸಮೇತ ಹೆಡ್ ಆಫೀಸಿಗೆ ರಿಪೋರ್ಟ್ ಹೋಗ್ಬೇಕು. ಹಲ್ಲಿ ಇಲ್ದೆ ಇನ್ನೂರು ಊಟ ಚೆಲ್ಲಿದ್ದಕ್ಕೆ ನಾನೇನ್ ಉತ್ತರ ಕೊಡ್ಲಿ?"

ನಾಲ್ಕು ಗಂಟೆಗೆ ಮುನೀಂದ್ರ ಅಡುಗೆಮನೆಯ ಫ್ರಿಜ್ಜಿನ ಹಿಂದೆ ಮಂಡಿಯೂರಿ, ಟಾರ್ಚ್ ಬಿಟ್ಟುಕೊಂಡು ಗೋಡೆ ಸಂದುಗಳಲ್ಲಿ ಕಣ್ಣಾಡಿಸುತ್ತಿದ್ದ. ಮರಿಯಮ್ಮ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಏನ್ ಸಾರ್ ಹುಡುಕ್ತಿದೀರಾ?"

"ಹಲ್ಲಿ ಮರಿಯಮ್ಮ. ಒಂದೇ ಒಂದು ಹಲ್ಲಿ."

ಮರಿಯಮ್ಮನ ಮುನಿಸೆಲ್ಲ ಕರಗಿ ಮುಖ ಹೆಮ್ಮೆಯಿಂದ ಬೆಳಗಿತು. "ಸುಮ್ನೆ ಏಳಿ ಸಾರ್. ನಾನು ಬಂದು ಆರು ವರ್ಷ ಆಯ್ತು. ನನ್ನ ಅಡುಗೆಮನೇಲಿ ಹುಡುಕಿದ್ರೂ ಒಂದು ಹಲ್ಲಿ ಸಿಗಲ್ಲ!"