ಭಾಮೈದ ಮಾಡಿದ ಕುಡುಕನ ಪಾರ್ಟು

ಮಧುಗಿರಿಯಲ್ಲಿ ಸಿನಿಮಾ ನೋಡುವವರು ಬೇಕಾದಷ್ಟು ಜನರಿದ್ದಾರೆ. ನೋಡಿ ಬಂದು ಬ್ಲಾಗಿನಲ್ಲಿ ವಿಮರ್ಶೆ ಬರೆಯುವವನು ನಾನೊಬ್ಬನೇ. ಇದು ಜಂಬವಲ್ಲ, ಕೇವಲ ಸತ್ಯ! ಹೊಡೆದಾಟದ ಚಿತ್ರಗಳಿಗೆ ನನ್ನ ಬ್ಲಾಗಿನಲ್ಲಿ ಪ್ರವೇಶವಿಲ್ಲ. ಅಳಿಸುವ ಚಿತ್ರಗಳೇ ನನ್ನ ಕ್ಷೇತ್ರ. ಈಚಿನ ಅಂಥ ಚಿತ್ರಗಳನ್ನು ನೋಡಿ ನೋಡಿ ಕೆಲವು ಸಿದ್ಧಾಂತಗಳನ್ನೇ ಮಂಡಿಸಿದ್ದೇನೆ. ಇಂಟರ್‌ವಲ್‌ಗೆ ಮುಂಚೆ ಕೆಮ್ಮಿದ ತಂದೆ ಇಂಟರ್‌ವಲ್ ಆದಮೇಲೆ ಉಳಿಯುವುದಿಲ್ಲ. ಮಗನ ಜೊತೆ ಮಾತು ಬಿಟ್ಟ ಅಪ್ಪ ಮತ್ತೆ ಮಾತಾಡುವುದು ಆಸ್ಪತ್ರೆಯಲ್ಲೇ. ಇಷ್ಟೆಲ್ಲ ಮೊದಲೇ ಗೊತ್ತಿದ್ದರೂ ನಾನು ಬಿಕ್ಕಿ ಬಿಕ್ಕಿ ಅಳುತ್ತೇನೆ. ಅದಕ್ಕೇ ಥಿಯೇಟರಿಗೆ ಕರ್ಚೀಫಲ್ಲ, ಟವೆಲ್ಲನ್ನೇ ಒಯ್ಯುತ್ತೇನೆ.

ಹೀಗಿರುವಾಗ ನನ್ನ ಹೆಂಡತಿ ಸುಧಾಳ ತಮ್ಮ ಮಂಜುನಾಥನಿಗೆ ಸಿನಿಮಾದಲ್ಲಿ ಪಾರ್ಟು ಸಿಕ್ಕಿತು. ಅವನು ಗೌಡಗೆರೆಯಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವನು. ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ನಡೆಯುತ್ತಿದ್ದ ಶೂಟಿಂಗ್ ನೋಡಲು ಹೋದವನನ್ನು ಹಿಡಿದು ನಾಯಕಿಯ ಕುಡುಕ ಗಂಡನನ್ನಾಗಿ ಮಾಡಿಬಿಟ್ಟರು. ಸೋಡಾ ಕುಡಿದರೂ ಮೂಗಲ್ಲಿ ನೀರು ಬರುವ ಹುಡುಗ! ಪರದೆಯ ಮೇಲೆ ಮಾತ್ರ ಅವನು ತೂರಾಡಿದ್ದೇನು, ಹೆಂಡತಿಯ ಸರ ಕಿತ್ತುಕೊಂಡು ಓಡಿದ್ದೇನು! ನನ್ನ ಟವೆಲ್ ತೊಯ್ದು ತೊಪ್ಪೆಯಾಯಿತು. ಮನೆಗೆ ಬಂದವನೇ ಬರೆದೆ:

"ಈ ಯುವಕ ನಟಿಸಿಲ್ಲ, ಬದುಕಿದ್ದಾನೆ. ಬಾಟಲಿ ಹಿಡಿಯುವ ರೀತಿಯಲ್ಲೇ ವರ್ಷಗಳ ಅಭ್ಯಾಸ ಎದ್ದು ಕಾಣುತ್ತದೆ. ಗೌಡಗೆರೆಯ ಈ ಮಂಜುನಾಥ ನನ್ನ ಸ್ವಂತ ಭಾಮೈದ ಎಂದು ಹೇಳಿಕೊಳ್ಳಲು ಹೆಮ್ಮೆ."

ಬರೆದ ಗಳಿಗೆ ಸರಿಯಿರಲಿಲ್ಲ. ಮಂಜನಿಗೆ ಆಗಷ್ಟೇ ಪಾವಗಡದಲ್ಲಿ ಹೆಣ್ಣು ನೋಡಿ ಬಂದಿದ್ದರು. ಹುಡುಗಿ ಗೀತಾ ಒಪ್ಪಿದ್ದಳು, ಮಂಜನಂತೂ ಒಪ್ಪಿ ತೇಲಾಡುತ್ತಿದ್ದ. ಉಳಿದಿದ್ದು ಹೆಣ್ಣಿನ ಕಡೆಯವರು ಗಂಡಿನ ಬಗ್ಗೆ ವಿಚಾರಿಸುವುದೊಂದೇ. ಮೊದಲೆಲ್ಲ ಯಾರಾದರೂ ಊರಿಗೆ ಬಂದು, ಟೀ ಅಂಗಡಿಯಲ್ಲಿ ಕೂತು, "ಹುಡ್ಗ ಹೆಂಗೆ?" ಎಂದು ಮೆಲ್ಲಗೆ ಕೇಳಿಕೊಂಡು ಹೋಗುತ್ತಿದ್ದರು. ಈಗ ಬಸ್ ಹತ್ತುವ ಕಷ್ಟವೂ ಇಲ್ಲ, ಮೊಬೈಲಿನಲ್ಲಿ ಹೆಸರು ಹೊಡೆಯುತ್ತಾರೆ. ಹೊಡೆದರು. ಸಿಕ್ಕಿದ್ದು ನನ್ನ ಬ್ಲಾಗ್ ಒಂದೇ!

ಸುಧಾ ಅಡುಗೆಮನೆಯಿಂದ ಸೌಟಿನ ಸಮೇತ ಬಂದಳು.

"ರೀ, ಸಂಬಂಧ ಬೇಡ ಅಂದ್ಬುಟ್ರು ಕಣ್ರೀ! 'ಸಿನ್ಮಾ ಅಂತ ನಮ್ಗೂ ಗೊತ್ತು, ಆದ್ರೆ ಸ್ವಂತ ಭಾವನೇ ವರ್ಷಗಳ ಅಭ್ಯಾಸ ಅಂತ ಬರ್ದವ್ರಲ್ಲ' ಅಂತವ್ರೆ. ಏನ್ ಬರ್ದ್ಬುಟ್ರಿ ನೀವು?"

"ಅದು ಹೊಗಳಿಕೆ ಕಣೇ!"

"ಹೊಗಳೋಕೆ ನನ್ ತಮ್ಮನೇ ಬೇಕಾಗಿತ್ತಾ?"

ಸಂಜೆ ಮಂಜ ಬಂದು ಮೂಲೆಯಲ್ಲಿ ಕೂತ. "ಭಾವ, ಆ ಹುಡ್ಗೀನ ಬುಟ್ಟು ಬೇರೆಯವ್ರನ್ನ ನಾನು ಮದ್ವೆ ಆಗಲ್ಲ" ಎಂದ. ಪಾಪ, ಒಳ್ಳೆಯ ಹುಡುಗ.

ತಕ್ಷಣ ವಿಮರ್ಶೆ ತಿದ್ದಿದೆ: "ಈತನಿಗೆ ಕುಡುಕನಂತೆ ನಟಿಸಲು ಸ್ವಲ್ಪವೂ ಬರುವುದಿಲ್ಲ. ಬಾಟಲಿಯನ್ನು ಹಾಲಿನ ಲೋಟದಂತೆ ಹಿಡಿದಿದ್ದಾನೆ." ಸಮಸ್ಯೆ ಬಗೆಹರಿಯಿತೆಂದು ಗತ್ತಿನಿಂದ ಕಾಫಿ ಕೇಳಿದೆ. ಕಾಫಿ ಬರಲಿಲ್ಲ. ಬೆಳಗ್ಗೆ ಹುಡುಗಿಯ ತಂದೆ ಹನುಮಂತರಾಯಪ್ಪನವರ ಫೋನ್ ಬಂತು. ಪಾವಗಡದವರಲ್ಲವೇ, ತೆಲುಗಿನಲ್ಲೇ ಶುರುಮಾಡಿದರು.

"ಏಮಿ ಸ್ವಾಮಿ ಇದಿ? ನಿನ್ನೆ ಒಂಥರಾ ಬರ್ದಿದ್ರಿ, ಇವತ್ತು ಒಂಥರಾ ಐತೆ. ಬರೆಯೋವಾಗ ತಾವೇ ಏನಾದ್ರೂ ತಗೊಂಡಿರ್ತೀರಾ?"

ಇನ್ನು ಉಳಿದಿದ್ದು ಕೊನೆಯ ಅಸ್ತ್ರ. "ಯಜಮಾನ್ರೇ, ಸಿನಿಮಾ ಈಗ ಸಿರಾದಲ್ಲಿ ಓಡ್ತಿದೆ, ಬನ್ನಿ. ಹುಡ್ಗನ್ನ ಜೊತೇಲೇ ಕೂರಿಸ್ಕೊಂಡು ಸಿನಿಮಾ ನೋಡಿ, ನೀವೇ ತೀರ್ಮಾನ ಮಾಡಿ" ಎಂದು ಬೇಡಿಕೊಂಡೆ. ಮಗಳ ಹಟಕ್ಕೆ ಸೋತು ಅವರು ಗೀತಾಳನ್ನೂ ಕರೆದುಕೊಂಡು ಬಂದರು. ನಮ್ಮ ಕಡೆಯಿಂದ ನಾನು, ಸುಧಾ, ಮಂಜ.

ಥಿಯೇಟರಿನಲ್ಲಿ ಅವರ ಪಕ್ಕವೇ ಕೂತೆ. ಪರದೆಯ ಮೇಲೆ ಮಂಜ ತೂರಾಡಿದ. ಹನುಮಂತರಾಯಪ್ಪ ಹುಬ್ಬು ಗಂಟಿಕ್ಕಿದರು. "ಇದು ಬರೀ ಆಕ್ಟಿಂಗು" ಎಂದು ಅವರ ಕಿವಿಯಲ್ಲಿ ಹೇಳಬೇಕು ಅನ್ನುವಷ್ಟರಲ್ಲಿ ನಾಯಕಿಯ ತಂದೆ ಕೆಮ್ಮಿಬಿಟ್ಟ! ಇಂಟರ್‌ವಲ್ ಆದಮೇಲೆ ನಡೆಯುವುದೆಲ್ಲ ನೆನಪಾಗಿ ನಾನು ಮುಂಗಡವಾಗಿಯೇ ಗೊಳೋ ಎಂದು ಅತ್ತೆ. ಗಡಿಬಿಡಿಯಲ್ಲಿ ನನ್ನ ಟವೆಲ್ ಮನೆಯಲ್ಲೇ ಮರೆತಿದ್ದೆ. ಹನುಮಂತರಾಯಪ್ಪನವರ ಹೆಗಲ ಮೇಲಿನ ಟವೆಲ್ ಎಳೆದು ಮೂಗು ಒರೆಸಿಕೊಂಡೆ. ಮುಖ ತೊಳೆಯೋಣವೆಂದು ಕತ್ತಲಲ್ಲಿ ಎದ್ದವನು ಮೆಟ್ಟಿಲು ಎಡವಿ, ವಾಲಾಡಿ, ಮುಂದಿನ ಸಾಲಿನವರ ಮೇಲೆ ದೊಪ್ಪನೆ ಬಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಇಂಟರ್‌ವಲ್ ಲೈಟ್ ಹಾಕಿದರು!

ಕಣ್ಣು ಕೆಂಡ, ಮಾತು ತೊದಲು. ಮಂಜ ಓಡಿಬಂದು ನನ್ನನ್ನು ಎತ್ತಿ ಕೂರಿಸಿ, ಬೆನ್ನು ಸವರಿ, ನೀರು ಕುಡಿಸಿದ. ಹನುಮಂತರಾಯಪ್ಪ ನನ್ನನ್ನು ನೋಡಿದರು. ಮಂಜನನ್ನು ನೋಡಿದರು. ಅವರ ಮುಖ ಅರಳಿತು.

"ಈಗ ಗೊತ್ತಾಯ್ತು ಬುಡಿ! ಹುಡ್ಗ ಬಂಗಾರ. ದಿನಾ ಭಾವನ್ನ ನೋಡಿ ನೋಡಿ ಆಕ್ಟಿಂಗ್ ಕಲ್ತವ್ನೆ, ಪಾಪ!"

"ಸ್ವಾಮಿ, ನಾನು ಹುಟ್ಟಿದಾಗಿನಿಂದ..." ಎಂದು ಬಾಯಿ ತೆರೆದೆ. ಸುಧಾ ನನ್ನ ತೋಳು ಚಿವುಟಿದಳು.

"ಹೌದು ಅನ್ರೀ!" ಎಂದು ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದಳು.

ಆ ಕಡೆ ಗೀತಾ ಮಂಜನನ್ನು ನೋಡಿ ನಗುತ್ತಿದ್ದಳು. ಮಂಜ ನಾಚಿ ನೆಲ ನೋಡುತ್ತಿದ್ದ.

"ಹೌದು, ಸ್ವಲ್ಪ ಅಭ್ಯಾಸ ಇದೆ" ಎಂದೆ.

ಮದುವೆ ಚೆನ್ನಾಗಿಯೇ ನಡೆಯಿತು. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಪಾಯಸ, ನನಗೆ ಮಾತ್ರ ನಿಂಬೆಹಣ್ಣು ಹಿಂಡಿದ ಮಜ್ಜಿಗೆ! ಫೋಟೋಗೆಂದು ಸ್ಟೇಜ್ ಹತ್ತುವಾಗ ಬೀಗರ ಕಡೆಯವರು ಎರಡೂ ಪಕ್ಕದಿಂದ ನನ್ನ ತೋಳು ಹಿಡಿದರು. ಅವರ ನಂಬಿಕೆ ಕೆಡಿಸಬಾರದೆಂದು ನಾನೂ ಒಮ್ಮೆ ಚೆನ್ನಾಗಿ ತೂರಾಡಿ ತೋರಿಸಿ, ಮದುಮಗನ ಪಕ್ಕ ಹೋಗಿ ನಿಂತೆ.

ಮಂಜ ಬಾಸಿಂಗ ಸರಿಮಾಡಿಕೊಳ್ಳುತ್ತಾ ನನ್ನ ಕಿವಿಗೆ ಬಾಗಿದ.

"ಭಾವ, ಓವರಾಯ್ತು."