ಚಹಾ ಡಬ್ಬಿಯಲ್ಲಿ ಚೀಟಿ ಇಟ್ಟ ಪಂಡಿತರಿಗೆ

ಎಲೆಯ ಅಂತರಂಗ ಬಲ್ಲ ಮಾನ್ಯರೇ,

ತಮ್ಮ ಕಂಪನಿಯ ಚಹಾ ಡಬ್ಬಿಯೊಳಗೆ ಸೂಚನೆಗಳ ಚೀಟಿ ಬರೆದಿಟ್ಟ ಪುಣ್ಯಾತ್ಮರು ತಾವು ಹೆಣ್ಣೋ ಗಂಡೋ ನಾನರಿಯೆ. ಯಾರೇ ಆಗಿರಲಿ, ಈ ಅಡುಗೆಮನೆಯಿಂದ ತಲೆಬಾಗಿದ ನಮಸ್ಕಾರಗಳು. ಇಷ್ಟು ವರ್ಷ ನಾವು ಚಹಾ ಎಂದುಕೊಂಡು ಕುಡಿದದ್ದೆಲ್ಲ ಬರೀ ಕಷಾಯವೆಂದು ಕಣ್ಣು ತೆರೆಸಿದ ತಮ್ಮ ಉಪಕಾರವನ್ನು ಹೇಗೆ ತೀರಿಸಲೆಂದು ತೋಚದೆ ಇದನ್ನು ಬರೆಯುತ್ತಿದ್ದೇನೆ.

ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು, ನಮ್ಮ ಯಜಮಾನರು ಬಸ್ ಓಡಿಸುವವರು. ದಿನವಿಡೀ ಹಾರ್ನು, ಗದ್ದಲ ಕೇಳಿ ಕೇಳಿ ಅವರಿಗೆ ಮಾತೆಂದರೆ ಅಲರ್ಜಿ. ಡಿಪೋದಲ್ಲಿ ಅವರ ಹೆಸರೇ ಮೂಗಬಸವ. ಅಂಥವರು ಬಾಯಿ ಬಿಡುತ್ತಿದ್ದ ಜಾಗ ಇಡೀ ಲೋಕದಲ್ಲಿ ಒಂದೇ, ನಮ್ಮ ಒಲೆಯ ಮುಂದೆ. ಹಾಲು ಬೆರೆಸಿದ ಚಹಾ ಕಣ್ಣು ತಪ್ಪಿದರೆ ಉಕ್ಕಿಬಿಡುತ್ತದೆ ನೋಡಿ, ಹಾಗಾಗಿ ಕೆಲಸದಿಂದ ಬಂದವರೇ ಚಮಚ ಹಿಡಿದು ಕಾವಲು ನಿಲ್ಲುತ್ತಿದ್ದರು, ನಿಂತ ಮೇಲೆ ಸುಮ್ಮನಿರಲಾಗದೆ ಮಾತು ತಾನಾಗಿ ಬರುತ್ತಿತ್ತು. ನಿದ್ದೆಹೋಗಿ ತನ್ನ ನಿಲ್ದಾಣ ತಪ್ಪಿಸಿಕೊಂಡ ಅಜ್ಜಿ, ಬ್ರೇಕು ಹಿಡಿಯದೆ ಹೋದ ಇಳಿಜಾರು, ತೀರಿಕೊಂಡ ತಮ್ಮನ ನೆನಪು, ಎಲ್ಲವೂ ನನಗೆ ಸಿಕ್ಕಿದ್ದು ಆ ಪಾತ್ರೆಯ ಪಕ್ಕದಲ್ಲಿ.

ಹೀಗಿರುವಾಗ ನನ್ನ ನಾದಿನಿ ತಮ್ಮ ಡಬ್ಬಿಯನ್ನು ಉಡುಗೊರೆಯಾಗಿ ತಂದಳು. ನೀರು ಕುದಿಯಬಾರದು, ಹಾಲು ಸೋಕಬಾರದು, ಸಕ್ಕರೆಯ ಹೆಸರೆತ್ತಬಾರದು, ಮುಚ್ಚಳ ಹಾಕಿ ದೂರ ಸರಿಯಬೇಕು, ಎಲೆ ಅರಳುವಾಗ ಮೌನ ಪಾಲಿಸಬೇಕು ಎಂಬುದು ತಮ್ಮ ಅಪ್ಪಣೆ. ಮೊದಲೇ ಮಾತಾಡದವರಿಗೆ ತಾವು ಲಿಖಿತ ಅನುಮತಿ ಕೊಟ್ಟಂತಾಯಿತು! ಈಗ ಅವರು ಮುಚ್ಚಳ ಮುಚ್ಚಿ ಹೊರಗೆ ಹೋಗಿ ಫೋನು ನೋಡುತ್ತಾ ಕೂರುತ್ತಾರೆ. ಏನಾದರೂ ಕೇಳಿದರೆ ತುಟಿಗೆ ಬೆರಳಿಟ್ಟು, "ಶ್! ಎಲೆ ಬಿಚ್ಕೊಳ್ತಾ ಇದೆ ಕಣೇ" ಎನ್ನುತ್ತಾರೆ. ಎಲೆ ಬಿಚ್ಚಿಕೊಂಡದ್ದು ನಿಜ ಸ್ವಾಮಿ, ಗಂಡ ಮುಚ್ಚಿಕೊಂಡದ್ದೂ ಅಷ್ಟೇ ನಿಜ. ಅವರು ಪಕ್ಕದ ಕೋಣೆಯಲ್ಲಿದ್ದರೂ ನನಗೆ ಒಂಟಿತನ ಕಾಡುತ್ತಿದೆ.

ಇನ್ನು ರುಚಿ. ತಾವು ವರ್ಣಿಸಿದ ಹೂವಿನ ಪರಿಮಳ, ಜೇನಿನ ಛಾಯೆ ನನ್ನ ನಾಲಿಗೆಗೆ ಸಿಗಲಿಲ್ಲ. ಪಾತ್ರೆ ತೊಳೆದ ಬಿಸಿನೀರಿನ ಛಾಯೆ ಮಾತ್ರ ಧಾರಾಳವಾಗಿ ಸಿಕ್ಕಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ತಾವು ನಗಬಹುದು. ಈ ಕತ್ತೆಗೆ ತನ್ನ ಗಂಡನ ದನಿ ಗೊತ್ತಿತ್ತು, ಅಷ್ಟು ಸಾಕಾಗಿತ್ತು.

ಆದ್ದರಿಂದ, ದಿನಾ ಸಂಜೆ ಎಲೆ ಅರಳುವಷ್ಟು ಹೊತ್ತು ನನ್ನೊಡನೆ ನಿಂತು ಮಾತಾಡಲು ತಮ್ಮ ಕಂಪನಿಯ ಒಬ್ಬ ಅಧಿಕಾರಿಯನ್ನು ದಯಮಾಡಿ ಕಳಿಸಿಕೊಡಿ. ಅವರಿಗೆ ಬಸ್ಸಿನ ಬ್ರೇಕಿನ ಮರ್ಮ ಗೊತ್ತಿರಬೇಕು, ಡಿಪೋದ ಮೇಲಿನವರನ್ನು ಪಿಸುದನಿಯಲ್ಲಿ ಬೈಯಲು ಬರಬೇಕು, ನಾನು ಹೊಲಿದ ಕಾಲರು ಸೊಟ್ಟವೆಂದು ಹೇಳುವ ಧೈರ್ಯವಿರಬೇಕು. ಅದಾಗದಿದ್ದರೆ, ಕಾವಲು ನಿಲ್ಲದಿದ್ದರೆ ತಣ್ಣೀರಲ್ಲೂ ಉಕ್ಕುವಂಥ ಎಲೆಯನ್ನಾದರೂ ಬೆಳೆಸಿ. ತಮ್ಮಂಥ ಪಂಡಿತರಿಗೆ ಅದೇನು ಮಹಾ?

ಇಷ್ಟೆಲ್ಲ ಆದರೂ ತಮ್ಮ ವಿಶ್ವಾಸಿಯೇ ಆಗಿರುವ,
ಮೂಗಬಸವನ ಹೆಂಡತಿ

ವಿ.ಸೂ.: ಇದನ್ನು ಕಳಿಸುವ ಮೊದಲೇ ತಾಳ್ಮೆ ಕೆಟ್ಟು, ನಿನ್ನೆ ತಮ್ಮ ಅಮೂಲ್ಯ ಎಲೆಗಳನ್ನೆಲ್ಲ ಹಾಲಿಗೆ ಸುರಿದು, ಉರಿ ಜೋರು ಮಾಡಿ, ಬೇಕೆಂದೇ ಬೆನ್ನು ತಿರುಗಿಸಿ ನಿಂತೆ. ಒಲೆಯ ಮೇಲೆಲ್ಲ ಉಕ್ಕಿ ಹರಿಯಿತು. ಓಡಿಬಂದ ಯಜಮಾನರು, "ಕಣ್ಣು ಎಲ್ಲಿಟ್ಟಿದ್ದೆ? ಒಂದು ಚಹಾ ನೋಡ್ಕೊಳ್ಳೋಕೆ ಆಗಲ್ವಾ?" ಎಂದು ಶುರುಮಾಡಿ, ಕೈಗೆ ಸಿಕ್ಕ ತಮ್ಮ ಚೀಟಿಯಿಂದಲೇ ಒಲೆ ಒರೆಸುತ್ತಾ, ನನ್ನ ತವರಿನವರನ್ನೂ ಬಿಡದೆ ಬೈದು, ಬೈಯುತ್ತಲೇ ಆ ದಿನ ಬಸ್ಸಿನಲ್ಲಿ ನಡೆದದ್ದಕ್ಕೆ ಹೊರಳಿದರು. ಉಳಿದ ಚಹಾ ಬಾಯಿಗಿಡುವ ಹಾಗಿರಲಿಲ್ಲ. ಇಬ್ಬರೂ ಎರಡೆರಡು ಲೋಟ ಕುಡಿದೆವು.