ಎಂಜಿನ್ನಿಗೆ ಸೋಪು

"ನಮ್ಮ ವ್ಯಾನಿನ ಎಂಜಿನ್ ಕೆಳಗಿಳಿಸೋ ಧೀರ ಇನ್ನೂ ಹುಟ್ಟಿಲ್ಲ!"

ಹೀಗೆಂದು ನಡುಬೀದಿಯಲ್ಲಿ, ಸೊಂಟಕ್ಕೆ ಕೈಯಿಟ್ಟು, ಹೋಗುವವರು ತಿರುಗಿ ನೋಡುವ ಹಾಗೆ ಘೋಷಿಸಿದವಳು ನಾನೇ. ಎಂಜಿನ್ನಿಗೆ ಮೂತಿ ಯಾವುದು, ಬಾಲ ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಆದರೆ ಘೋಷಣೆ ಮಾಡುವುದಕ್ಕೆ ಅದೆಲ್ಲ ಯಾಕೆ ಬೇಕು?

ನಮ್ಮದು ಲಾಂಡ್ರಿ. ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದ ಓಣಿಯಲ್ಲಿ ವ್ಯಾನು. ಯಜಮಾನರು ಹೋದ ಮೇಲೆ ಒಗೆತ ನನ್ನ ಪಾಲಿಗೆ, ಇಸ್ತ್ರಿ ಮಗನ ಪಾಲಿಗೆ, ವ್ಯಾನು ಸೊಸೆಯ ಪಾಲಿಗೆ. ಆ ವ್ಯಾನು ಕೆಲವು ದಿನದಿಂದ ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎಳೆಗೂಸಿಗೆ ಹಾಸುವ ಹಾಗೆ ಅದರ ಕೆಳಗೆ ಚಿಂದಿಬಟ್ಟೆ ಹಾಸುತ್ತಿದ್ದೆವು. ಅಷ್ಟರಲ್ಲಿ ಹೆರಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕರಾರು ಸಿಕ್ಕಿತು. ಮರುದಿನ ಬೆಳಿಗ್ಗೆ ಮೊದಲ ಲೋಡು ಹೋಗಬೇಕು. ಅಲ್ಲಿನ ಹೆಡ್ ನರ್ಸಮ್ಮ ಖಡಕ್ಕಾಗಿ ಹೇಳಿದ್ದರು: "ಮೊದಲ್ನೇ ದಿನಾನೇ ತಡ ಆದ್ರೆ, ಎರಡನೇ ದಿನ ಬರೋದೇ ಬೇಡ." ಸರಿಯಾಗಿ ಆ ಹೊತ್ತಿಗೆ ವ್ಯಾನು ಭೇದಿ ಹಿಡಿದವರ ಹಾಗೆ ಸುರಿಸತೊಡಗಿತು!

ಮೆಕ್ಯಾನಿಕ್ ಬಂದ. ಮೇಲಿಂದ ಬಗ್ಗಿ ನೋಡಿದ, ಕೆಳಗೆ ಮಲಗಿ ನೋಡಿದ, ಎದ್ದು ತಲೆ ಆಡಿಸಿದ.

"ಮುಂದಿನ ಆಯಿಲ್ ಸೀಲ್ ಹೋಗಿದೆ ಅಮ್ಮ. ಎಂಜಿನ್ ಇಳಿಸ್ಬೇಕು. ಒಂದು ವಾರ ಆಗುತ್ತೆ."

"ಸೀಲ್ ಅಂದ್ರೆ?"

"ತಿರುಗೋ ದಂಡಕ್ಕೆ ಸುತ್ತ ಕೂತಿರುತ್ತಲ್ಲ, ಎಣ್ಣೆ ಆಚೆ ಬರದ ಹಾಗೆ. ರಬ್ಬರ್ ಬಳೆ ಥರ."

"ಬಳೆ ಬದಲಾಯಿಸೋಕೆ ಯಾರಾದ್ರೂ ತೋಳು ಕತ್ತರಿಸ್ತಾರೇನಪ್ಪಾ?"

"ಕೈ ಹೋಗೋಕೆ ಜಾಗ ಎಲ್ಲಿದೆ ಅಮ್ಮ?" ಎಂದು ಅವನು ದಿಂಬಿನಂಥ ಅಂಗೈ ತೋರಿಸಿದ. ಆಗಲೇ ನನ್ನ ಬಾಯಿಂದ ಮೇಲಿನ ಘೋಷಣೆ ಹೊರಟದ್ದು. ಅವನು ನಕ್ಕು ಹೊರಟುಹೋದ.

ಸೊಸೆ ಅಂಗಡಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಅಪ್ಪ ಬಸ್ ಡಿಪೋದಲ್ಲಿ ಕೆಲಸಕ್ಕಿದ್ದವರು. ಬೇರೆ ಮಕ್ಕಳು ಗೊಂಬೆ ಆಡಿಸುವ ವಯಸ್ಸಿಗೆ ಇವಳು ಸ್ಪ್ಯಾನರ್ ಆಡಿಸಿದವಳು.

"ಅತ್ತೆ, ಭಾಷಣ ಆಯ್ತಲ್ಲ, ಈಗ ಜಾಕ್ ತನ್ನಿ."

ಒಳಗಿನಿಂದ ಮಗನ ಧ್ವನಿ ಬಂತು. "ಬೇಡ ಕಣೇ! ಬಿಚ್ಚಿದ್ದು ಮತ್ತೆ ಸೇರದೇ ಹೋದ್ರೆ?"

"ಬಟ್ಟೆ ಗಂಟೆಲ್ಲ ನಿಮ್ಮ ತಲೆ ಮೇಲೆ ಹೊರಿಸಿ ಆಸ್ಪತ್ರೆಗೆ ಕಳಿಸ್ತೀನಿ. ಇಸ್ತ್ರಿ ಮಾಡಿ!"

ಮಗ ಇಸ್ತ್ರಿ ಮಾಡಿದ.

ಸೊಸೆಯ ಜಾಣತನ ನೋಡಿ! ಮೆಕ್ಯಾನಿಕ್ ಮೇಲಿಂದ ನೋಡಿದ, ಕೆಳಗಿಂದ ನೋಡಿದ. ಇವಳು ಮುಂದಿನ ಟೈರನ್ನೇ ಬಿಚ್ಚಿ, ಅದರ ಹಿಂದಿನ ಪ್ಲಾಸ್ಟಿಕ್ ಮರೆ ತೆಗೆದು, ಪಕ್ಕದಿಂದ ಒಳಹೊಕ್ಕಳು. ಅವಳ ಸಣ್ಣ ಕೈ ಇಲಿಮರಿಯ ಹಾಗೆ ಒಳಗೆಲ್ಲ ಓಡಾಡಿತು. ನಾನು ಬಕೆಟ್ಟು, ಬಟ್ಟೆ, ಟೀ ಎಂದು ಒಳಗೂ ಹೊರಗೂ ಅಲೆಯುತ್ತಿದ್ದೆ. ಬರುವಷ್ಟರಲ್ಲಿ ಬೆಲ್ಟು ಕಳಚಿತ್ತು, ಹಲ್ಲಿನ ಚಕ್ರವೊಂದು ಕೆಳಗೆ ಬಟ್ಟೆಯ ಮೇಲೆ ಕೂತಿತ್ತು, ಅದರ ಜೋಡಿ ಮೇಲೆ ಎಂಜಿನ್ನಿನಲ್ಲೇ ಉಳಿದಿತ್ತು. ಹಳೆ ಸೀಲಿಗೆ ಸಣ್ಣ ಸ್ಕ್ರೂ ತಿರುಗಿಸಿ, ಅದರ ತಲೆಯನ್ನು ಇಕ್ಕಳದಲ್ಲಿ ಹಿಡಿದು, ಹಲ್ಲು ಕೀಳುವ ಹಾಗೆ ಮೆಲ್ಲಗೆ ಎಳೆದಳು. ನಡುವಿನ ಉಕ್ಕಿನ ದಂಡಕ್ಕೆ ಒಂದು ಗೀರೂ ಬೀಳಲಿಲ್ಲ.

"ಇದೇ ಅಳತೇದು ತರ್ತೀನಿ. ಏನೂ ಮುಟ್ಬೇಡಿ ಅತ್ತೆ."

"ನಾನ್ಯಾಕೆ ಮುಟ್ಟಲಿ? ನಂಗೇನು ಬೇರೆ ಕೆಲಸ ಇಲ್ವಾ?"

ಅವಳು ಓಣಿ ತಿರುಗಿದಳು. ನಾನು ಬಗ್ಗಿ ನೋಡಿದೆ. ಎರಡೂ ಚಕ್ರದ ಮೇಲೆ ಬಿಳಿ ಸೀಮೆಸುಣ್ಣದ ಗೆರೆ! ಎಂಜಿನ್ನಿನ ಮೈಮೇಲೂ ಗೆರೆ!

ಈಗ ನಮ್ಮ ಅಂಗಡಿಯ ಕಾನೂನು ನಿಮಗೆ ಹೇಳಬೇಕು. ಗಿರಾಕಿ ಬಟ್ಟೆ ತಂದಾಗ ಕಲೆಯಿದ್ದ ಕಡೆ ಸೊಸೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ. ಗೆರೆ ಕಂಡಲ್ಲಿ ನಾನು ತಿಕ್ಕುತ್ತೇನೆ. ಮಾತಿಲ್ಲ, ಕತೆಯಿಲ್ಲ. ಕೈ ತಾನಾಗಿ ಬ್ರಷ್ಷಿಗೆ ಹೋಗುತ್ತದೆ. 'ಪಾಪ, ಹುಡುಗಿ ಹೇಳೋಕೆ ಸಂಕೋಚಪಟ್ಟು ಗೆರೆ ಹಾಕಿ ಹೋಗಿದ್ದಾಳೆ' ಎಂದುಕೊಂಡು ಸೆರಗು ಸಿಕ್ಕಿಸಿದೆ.

ಕೆಳಗಿನ ಚಕ್ರವನ್ನು ಸೋಪಿನ ನೀರಿಗೆ ಮುಳುಗಿಸಿದೆ. ಸೀಲು ಕಿತ್ತು ಬಾಯಿ ತೆರೆದ ತೂತಿಗೆ ಬಟ್ಟೆ ತುರುಕಿ ಎಂಜಿನ್ನಿನ ಮೈ ತಿಕ್ಕಿದೆ. ಮೇಲಿನ ಚಕ್ರ ತಿಕ್ಕಿದೆ. ಅದರ ಅಡಿಭಾಗಕ್ಕೆ ಕೈ ಎಟುಕಲಿಲ್ಲ, ತಿರುಗಿಸಿದೆ. ಅದು ಹಠ ಮಾಡಿತು, ನಾನೇನು ಕಡಿಮೆಯೇ? ದಮ್ಮು ಕಟ್ಟಿ ತಿರುಗಿಸಿದೆ. ವರ್ಷಗಟ್ಟಲೆಯ ಕೊಳೆ ಸಿಪ್ಪೆ ಸಿಪ್ಪೆಯಾಗಿ ಎದ್ದುಬಂತು. ಒರೆಸಿ ಒಣಗಿಸಿದಾಗ ಎಂಜಿನ್ ಮದುವೆಗೆ ಹೊರಟ ಹಾಗಿತ್ತು!

ಸೊಸೆ ಬಂದವಳು ನಿಂತಲ್ಲೇ ನಿಂತಳು.

"ಅತ್ತೆ... ಗೆರೆ ಎಲ್ಲಿ?"

"ಹೋಯ್ತು! ಗುರುತೇ ಸಿಗಲ್ಲ ನೋಡು!"

"ಅದು ಗುರುತೇ ಅತ್ತೆ! ಎರಡೂ ಚಕ್ರ ಎಲ್ಲಿದ್ದವೋ ಅಲ್ಲೇ ಕೂರ್ಬೇಕು. ಒಂದು ಹಲ್ಲು ತಪ್ಪಿದ್ರೂ ಎಂಜಿನ್ ಕೆಡುತ್ತೆ. ಮೇಲಿನ ಚಕ್ರ ತಿರುಗಿಸಲಿಲ್ಲ ತಾನೇ?"

ನಾನು ಬಕೆಟ್ಟಿನ ಕಡೆ ನೋಡಿದೆ.

"ಅತ್ತೆ?"

"ಒಂಚೂರು."

ಅವಳು ಬಿಚ್ಚಿಟ್ಟ ಟೈರಿನ ಮೇಲೆ ಕುಸಿದು ಕೂತಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಒಳಗೆ ಆಸ್ಪತ್ರೆಯ ಹೊದಿಕೆಗಳು ಮಡಿಕೆ ಮಡಿಕೆಯಾಗಿ ಕಾಯುತ್ತಿದ್ದವು. ಮಗ ಕಿಟಕಿಯಿಂದ ಇಣುಕಿ, ನನ್ನ ಮುಖ ನೋಡಿ, ಮತ್ತೆ ಇಸ್ತ್ರಿಗೆ ಹೋದ.

ಸ್ವಲ್ಪ ಹೊತ್ತಿಗೆ ಅವಳು ಎದ್ದು ಟಾರ್ಚು ಹಿಡಿದು ಒಳಗೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಕೆಳಗಿನ ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅತ್ತೆ, ಬನ್ನಿ ಇಲ್ಲಿ. ಇದು ಕಾಣಿಸುತ್ತಾ?"

ಚಕ್ರದ ಮೇಲೆ ಸಾಸಿವೆಯಷ್ಟು ಒಂದು ಚುಕ್ಕೆ. ಎಂಜಿನ್ನಿನ ಮೈಮೇಲೆ ಉಗುರಿನಿಂದ ಗೀರಿದಂಥ ಒಂದು ಕಚ್ಚು.

"ಮಾಡಿದೋರೇ ಕೊರೆದಿಟ್ಟಿರೋ ಗುರುತು! ಕೊಳೆ ಮೆತ್ತಿಕೊಂಡು ನಂಗೆ ಕಂಡೇ ಇರಲಿಲ್ಲ. ಈಗ ನೋಡಿ, ಮೇಲೂ ಇದೆ, ಕೆಳಗೂ ಇದೆ!"

"ಅದಕ್ಕೇ ತೊಳೆದದ್ದು ನಾನು!"

"ಸುಳ್ಳು ಹೇಳ್ಬೇಡಿ, ಟಾರ್ಚ್ ಹಿಡೀರಿ."

ಹಿಡಿದೆ. ಹೊಸ ಸೀಲಿನ ಒಳತುಟಿಗೆ ಅವಳು ಎಣ್ಣೆ ಸವರಿದಳು. ತೊಳೆಯುವ ಯಂತ್ರದ ಹಳೆ ಪೈಪಿನ ತುಂಡೊಂದು ಸೀಲಿನ ಅಗಲಕ್ಕೆ ಸರಿಯಾಗಿತ್ತು. ಅದನ್ನಿಟ್ಟು ಮೆಲ್ಲಗೆ ತಟ್ಟಿದಳು. "ಆ ಕಡೆ ಕೂದಲೆಳೆಯಷ್ಟು ಮೇಲಿದೆ," ಎಂದೆ. ಅಲ್ಲಿ ತಟ್ಟಿದಳು. ಸುತ್ತಲೂ ಸಮನಾಗಿ, ಬಟ್ಟೆಗೆ ಗುಂಡಿ ಕೂತ ಹಾಗೆ ಕೂತಿತು. ಚುಕ್ಕೆಯನ್ನು ಕಚ್ಚಿಗೆ ಕೂಡಿಸಿ ಬೆಲ್ಟು ಏರಿಸಿದಳು. ಎಂಜಿನ್ನನ್ನು ಕೈಯಿಂದಲೇ ಸುತ್ತಿಸಿ, ಚುಕ್ಕೆಗಳು ಮರಳಿ ಅಲ್ಲಿಗೇ ಬಂದವೆಂದು ಕಂಡ ಮೇಲೇ ಕೀಲಿ ತಿರುಗಿಸಿದಳು. ಗಾಡಿ ಒಂದೇ ಗುಟುರಿಗೆ ಎದ್ದಿತು! ನಾನು ಸೊಸೆಯ ಗಲ್ಲ ಹಿಂಡಿದೆ. ಅಂಥ ಕೈ, ಅಂಥ ತಾಳ್ಮೆ ನಾನು ಬೇರೆಲ್ಲೂ ಕಂಡಿಲ್ಲ.

ಆ ರಾತ್ರಿ ವ್ಯಾನಿನ ಕೆಳಗೆ ಬಿಳಿ ಬಟ್ಟೆ ಹಾಸಿದೆ. ಬೆಳಿಗ್ಗೆ ಅದು ಹಾಸಿದಷ್ಟೇ ಬಿಳಿಯಾಗಿತ್ತು. ಆದರೂ ನನಗೆ ನಂಬಿಕೆ ಸಾಲದು. ಗಂಟುಗಳನ್ನು ಏರಿಸಿದ ಮೇಲೆ ನನ್ನ ಬ್ರಷ್ಷು ಎಟುಕದಿದ್ದ ಎಂಜಿನ್ನಿನ ತಳಕ್ಕೆ ಕೈ ಹಾಕಿ ಸವರಿ ನೋಡಿದೆ. ಒಣ ಒಣ! ಆ ಖುಷಿಗೆ ಮೇಲಿನ ಗಂಟನ್ನೊಮ್ಮೆ ಪ್ರೀತಿಯಿಂದ ತಟ್ಟಿ, "ಹೋಗಿ ಬಾ ಮಗಳೇ," ಎಂದು ಬಾಗಿಲು ಹಾಕಿದೆ. ಅವಳು ಹೊತ್ತಿಗೆ ಮುಂಚೆಯೇ ತಲುಪಿದಳು.

ವಾಪಸು ಬಂದವಳ ಮುಖದಲ್ಲಿ ನಗುವಿರಲಿಲ್ಲ.

"ಅತ್ತೆ, ಬಲಗೈ ತೋರ್ಸಿ."

ತೋರಿಸಿದೆ. ಅಂಗೈಯ ಗೆರೆಗೆರೆಯಲ್ಲೂ ಕಪ್ಪು ಮಸಿ!

"ಮೇಲಿನ ಗಂಟಿನ ಮೊದಲ್ನೇ ಹೊದಿಕೆ ಮೇಲೆ ಇದೇ ಇತ್ತು. ಐದೂ ಬೆರಳು, ನಡುವೆ ಅಂಗೈ."

"ಅಯ್ಯೋ! ಹೆಡ್ ನರ್ಸಮ್ಮ ಏನಂದ್ರು? ಕರಾರು ಹೋಯ್ತಾ?"

"ಮೊದಲು ಕಣ್ಣು ಕೆಂಪಗೆ ಮಾಡಿದ್ರು. ನಾನು ಸೀಲಿನ ಕತೆ, ನಿಮ್ಮ ಬ್ರಷ್ಷಿನ ಕತೆ ಎಲ್ಲ ಹೇಳ್ದೆ. ಬಿದ್ದು ಬಿದ್ದು ನಕ್ಕು, ಉಳಿದದ್ದೆಲ್ಲ ಒಳಗೆ ತಗೊಂಡ್ರು. ನಾಳೆನೂ ಬರ್ಬೇಕಂತೆ." ಈಗ ಅವಳ ತುಟಿಯ ಮೂಲೆ ಅದುರಿತು. "ನಿಮಗೊಂದು ಮಾತು ಹೇಳು ಅಂದ್ರು."

"ಏನಂತೆ?"

"'ಕರಾರಿಗೆ ಹೆಬ್ಬೆಟ್ಟು ಒತ್ತಿದ್ರೆ ಸಾಕಿತ್ತು, ನಿಮ್ಮತ್ತೆ ಇಡೀ ಹಸ್ತಾನೇ ಒತ್ತಿಬಿಟ್ಟಿದ್ದಾರಲ್ಲಾ!'"